ದೀಪ ಆರಿದ ಮೇಲೆ ನೀರು ಏರಿದುದೇಕೆ?

ಈ ವಾರದ ಪ್ರಯೋಗಕ್ಕೆ ಕೈಹಾಕುವ ಮೊದಲು ವಾಚಕರ ಮುಂದೆ ಒಂದು ತಪ್ಪೊಪ್ಪಿಗೆಯನ್ನು ಇಡಬೇಕಾಗಿದೆ. ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನದ ಪಾಠ ಹೇಳಿ ನಿವೃತ್ತನಾದವನು ನಾನು. ಆ ಮೂವತ್ತು ವರ್ಷಗಳಲ್ಲಿ ಒಂದು ವರ್ಷವೂ ತಪ್ಪದೆ ಮಾಡಿ ತೋರಿಸಿದ ಪ್ರಯೋಗವೊಂದಿದೆ. ಪ್ರಯೋಗವೇನೋ ಸರಿಯಾದುದೇ, ಅದರ ಜೊತೆಗೆ ನಾನು ಹೇಳಿಕೊಡುತ್ತಿದ್ದ ಕಾರಣ ಮಾತ್ರ ತಪ್ಪು. ಈ ತಪ್ಪನ್ನು ನನಗೆ ತೋರಿಸಿಕೊಟ್ಟವರು ಯಾವ ವಿದ್ವಾಂಸರೂ ಅಲ್ಲ. ಕೈಯಲ್ಲಿ ಸೌಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ.

ಅಂದು ಭಾನುವಾರ. ಏಳನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳಿಗೆ ಮರುದಿನವೇ ವಿಜ್ಞಾನದ ಕಿರುಪರೀಕ್ಷೆ. "ತಾತ, ಮೇಣದ ಬತ್ತಿಯ ಪ್ರಯೋಗ ಬಂದೇ ಬರುತ್ತದಂತೆ. ಒಂದು ಸಲ ಮಾಡಿ ತೋರಿಸಿ" ಎಂದು ಪುಸ್ತಕವನ್ನು ಎದೆಗವಚಿಕೊಂಡು ಬಂದಳು. ನಿವೃತ್ತನಾದ ಮೇಷ್ಟರಿಗೆ ಇದಕ್ಕಿಂತ ಸಂತೋಷದ ಕರೆ ಬೇರೊಂದು ಉಂಟೆ? ಊಟದ ಮೇಜಿನ ಮೇಲಿದ್ದ ಪತ್ರಿಕೆಗಳನ್ನೆಲ್ಲ ಬದಿಗೆ ಸರಿಸಿ ಸಿದ್ಧನಾದೆ.

ಪ್ರಯೋಗ

ಇದನ್ನು ಯಾವ ಮನೆಯಲ್ಲಿಯಾದರೂ ಮಾಡಬಹುದು. ಅಂಚು ಎತ್ತರವಾಗಿರುವ ಒಂದು ತಟ್ಟೆ ಅಥವಾ ಅಗಲವಾದ ಬೋಗುಣಿ, ಪಾರದರ್ಶಕವಾದ ಗಾಜಿನ ಲೋಟ, ಮೂರು ನಾಣ್ಯಗಳು, ಮೇಣದ ಬತ್ತಿಯ ಒಂದು ಮೋಟು ತುಂಡು—ಇಷ್ಟೇ ಸಾಮಗ್ರಿ. ಬತ್ತಿಯನ್ನು ಕರಗಿದ ಮೇಣದಿಂದಲೇ ತಟ್ಟೆಯ ನಡುವೆ ಅಂಟಿಸಿ ನಿಲ್ಲಿಸಿರಿ. ಲೋಟದ ಅಂಚು ಕೂರುವ ಕಡೆ ಮೂರು ನಾಣ್ಯಗಳನ್ನು ಇಡಿರಿ. ನೀರು ಒಳಗೆ ಹೋಗುವುದಕ್ಕೆ ದಾರಿ ಬೇಕಷ್ಟೆ. ತಟ್ಟೆಗೆ ಒಂದು ಅಂಗುಲದಷ್ಟು ನೀರನ್ನು ಹಾಕಿ, ಎರಡು ಹನಿ ಶಾಯಿಯನ್ನು ಬೆರೆಸಿದರೆ ಏರುವ ಮಟ್ಟ ಚೆನ್ನಾಗಿ ಕಾಣುತ್ತದೆ. ಬತ್ತಿಯನ್ನು ಹೊತ್ತಿಸಿ, ಉರಿ ನೆಟ್ಟಗೆ ನಿಂತ ಮೇಲೆ ಲೋಟವನ್ನು ಅದರ ಮೇಲೆ ಬೋರಲು ಹಾಕಿರಿ. ಮಕ್ಕಳು ಮಾಡುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಸೆರಗು, ಜಡೆ, ಕಾಗದಗಳು ಉರಿಗೆ ದೂರವಿರಬೇಕು.

ಕೆಲವು ಕ್ಷಣ ಬತ್ತಿ ಉರಿಯುತ್ತದೆ, ಮಂಕಾಗುತ್ತದೆ, ಆರಿಹೋಗುತ್ತದೆ. ಬಳಿಕ ತಟ್ಟೆಯ ನೀರು ಯಾರೋ ಒಳಗಿನಿಂದ ಎಳೆದುಕೊಂಡಂತೆ ಲೋಟದೊಳಗೆ ಸರಸರನೆ ಏರಿ ನಿಲ್ಲುತ್ತದೆ. ಮೊಮ್ಮಗಳು ಕೈ ತಟ್ಟಿದಳು. ನಾನು ಅಭ್ಯಾಸಬಲದಿಂದ ಕಂಠವನ್ನು ಸರಿಪಡಿಸಿಕೊಂಡು ಮೂವತ್ತು ವರ್ಷಗಳ ಪಾಠವನ್ನು ಒಪ್ಪಿಸಿದೆ: "ನೋಡಮ್ಮ, ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ. ಬತ್ತಿ ಉರಿಯುವಾಗ ಅದೆಲ್ಲವೂ ಖರ್ಚಾಗುತ್ತದೆ. ಖಾಲಿಯಾದ ಆ ಜಾಗವನ್ನು ನೀರು ತುಂಬುತ್ತದೆ. ಆದುದರಿಂದಲೇ ನೀರು ಲೋಟದ ಐದನೆಯ ಒಂದು ಭಾಗದಷ್ಟು ಏರುತ್ತದೆ." ಅವಳ ಪುಸ್ತಕದಲ್ಲಿಯೂ ಅಕ್ಷರಶಃ ಇದೇ ಇತ್ತು.

ಅಡಿಗೆಮನೆಯ ಪ್ರಶ್ನೆ

"ಅಲ್ಲಾಂದ್ರೆ," ಎಂದಿತು ಬಾಗಿಲ ಕಡೆಯಿಂದ ಧ್ವನಿ, "ಉರಿ ಗಾಳಿಯನ್ನು ತಿಂದು ಜಾಗ ಖಾಲಿ ಮಾಡಿತು ಅನ್ನುತ್ತೀರಿ. ಹಾಗಾದರೆ ಅದು ತಿನ್ನುತ್ತಾ ತಿನ್ನುತ್ತಾ ಇರುವಾಗಲೇ ನೀರು ಸ್ವಲ್ಪ ಸ್ವಲ್ಪವಾಗಿ ಏರಬೇಕಾಗಿತ್ತಲ್ಲ? ದೀಪ ಆರುವ ತನಕ ಕಾದುಕೊಂಡಿದ್ದು ಆಮೇಲೆ ಏಕೆ ಏರಿತು?"

ನಾನು ಉತ್ತರಕ್ಕೆ ಬಾಯಿ ತೆರೆದೆ, ಉತ್ತರ ಬರಲಿಲ್ಲ. ಆಕೆ ಅಷ್ಟಕ್ಕೇ ಬಿಡಲಿಲ್ಲ. "ಬಿಸಿನೀರಿನಲ್ಲಿ ತೊಳೆದ ಲೋಟವನ್ನು ಒದ್ದೆ ಕಟ್ಟೆಯ ಮೇಲೆ ಬೋರಲು ಹಾಕಿದರೆ, ತಣ್ಣಗಾದ ಮೇಲೆ ಕಲ್ಲಿಗೆ ಕಚ್ಚಿಕೊಂಡುಬಿಡುತ್ತದೆ. ಬಿಸಿ ಸಾರನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಮಧ್ಯಾಹ್ನ ಅದನ್ನು ತೆಗೆಯಲು ನಿಮ್ಮನ್ನೇ ಕರೆಯಬೇಕು. ಅಲ್ಲೆಲ್ಲ ಯಾವ ದೀಪ ಉರಿದಿತ್ತು?" ಎಂದು ಹೇಳಿ, ಒಲೆಯ ಮೇಲೆ ಒಗ್ಗರಣೆ ಸೀಯುತ್ತದೆಂದು ಒಳಗೆ ಹೋದಳು.

ಮೊಮ್ಮಗಳು ನನ್ನ ಮುಖವನ್ನು ನೋಡಿದಳು. ಮೂವತ್ತು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ ಅದು. ಕೇಳದಿದ್ದುದಕ್ಕೆ ಕಾರಣವೂ ನಾನೇ ಇರಬೇಕು. ನೀರು ಏರಿದ ಕೂಡಲೇ ಕಾರಣವನ್ನು ಹೇಳಿಬಿಡುತ್ತಿದ್ದೆ. ನೋಡುವುದಕ್ಕೆ ಅವರಿಗೆ ಅವಕಾಶವನ್ನೇ ಕೊಡುತ್ತಿರಲಿಲ್ಲ. "ಪರೀಕ್ಷೆ ಮಾಡಿಯೇ ನೋಡೋಣ, ಪುಟ್ಟಿ" ಎಂದೆ. ಆ ಸಂಜೆ ನಾವಿಬ್ಬರೂ ಮೂರು ಪರೀಕ್ಷೆಗಳನ್ನು ಮಾಡಿದೆವು. ವಾಚಕರೂ ಮಾಡಿ ನೋಡಲೆಂದು ಅವನ್ನು ಇಲ್ಲಿ ಕ್ರಮವಾಗಿ ಕೊಡುತ್ತೇನೆ.

ಮೂರು ಪರೀಕ್ಷೆಗಳು

ಮೊದಲನೆಯದು, ಬರಿಯ ನೋಟ. ಅದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿದೆವು. ಆದರೆ ಈ ಸಲ ಉರಿಯ ಕಡೆಗೆ ನೋಡದೆ ಲೋಟದ ಅಂಚನ್ನು ಮಾತ್ರ ನೋಡುತ್ತ ಕುಳಿತೆವು. ಲೋಟವನ್ನು ಇಟ್ಟ ಕೂಡಲೇ ಅಂಚಿನ ಕೆಳಗಿನಿಂದ ಕೆಲವು ಗುಳ್ಳೆಗಳು ಹೊರಕ್ಕೆ ಬಂದವು. ಬತ್ತಿ ಉರಿಯುತ್ತಿದ್ದಷ್ಟು ಹೊತ್ತೂ ನೀರು ಹೆಚ್ಚು ಕಡಿಮೆ ಇದ್ದಲ್ಲಿಯೇ ಇತ್ತು. ಉರಿ ಕುಗ್ಗಿ ಆರಿದ ಮೇಲೆಯೇ ಅದು ಓಡಿ ಏರಿತು. ಒಳಗಿನ ಗಾಳಿ ಖರ್ಚಾಗಿ ಜಾಗ ಸಾಲದೆ ಬಂದಿದ್ದರೆ ಗುಳ್ಳೆಗಳು ಹೊರಕ್ಕೆ ಬರುವುದೇಕೆ? ಒಳಗೆ ಗಾಳಿಗೆ ಇಕ್ಕಟ್ಟಾಗಿತ್ತು ಎಂದಲ್ಲವೆ ಅದರ ಅರ್ಥ?

ಎರಡನೆಯದು, ಬತ್ತಿಗಳ ಎಣಿಕೆ. ಲೋಟ ಅದೇ, ನೀರು ಅದೇ. ಆದರೆ ಒಂದು ಬತ್ತಿಯ ಬದಲು ಮೂರು ಸಣ್ಣ ಬತ್ತಿಗಳನ್ನು ಒತ್ತಾಗಿ ನಿಲ್ಲಿಸಿದೆವು. ಹುಟ್ಟುಹಬ್ಬದ ಬತ್ತಿಗಳನ್ನು ಮುರಿದು ಮೋಟುಮಾಡಿಕೊಂಡರೆ ಇದಕ್ಕೆ ಅನುಕೂಲ. ಪುಸ್ತಕದ ಕಾರಣವೇ ಸರಿಯಾಗಿದ್ದರೆ ಏನಾಗಬೇಕು? ಲೋಟದಲ್ಲಿರುವ ಆಮ್ಲಜನಕ ಅಷ್ಟೇ ತಾನೆ. ಅದನ್ನು ಒಂದು ಬತ್ತಿ ತಿಂದರೂ ಅಷ್ಟೇ, ಮೂರು ಹಂಚಿಕೊಂಡು ತಿಂದರೂ ಅಷ್ಟೇ. ನೀರು ಎರಡು ಸಲವೂ ಒಂದೇ ಎತ್ತರಕ್ಕೆ ಏರಬೇಕು. ಮೊಮ್ಮಗಳು ಲೋಟದ ಹೊರಮೈಗೆ ಕಾಗದದ ಪಟ್ಟಿ ಅಂಟಿಸಿ ಗುರುತು ಹಾಕಿದಳು. ಒಂದು ಬತ್ತಿಗೆ ಒಂದೂವರೆ ಬೆರಳಿನಷ್ಟು ಏರಿದ ನೀರು ಮೂರು ಬತ್ತಿಗಳಿಗೆ ಮೂರು ಬೆರಳನ್ನೂ ದಾಟಿತು. ಲೋಟವನ್ನು ಉರಿಯ ಮೇಲೆ ನಾಲ್ಕು ಎಣಿಸುವಷ್ಟು ಹೊತ್ತು ತಡೆದು ಹಿಡಿದು ಅನಂತರ ಇಟ್ಟರೆ ಒಂದು ಅಳತೆ, ಥಟ್ಟನೆ ಇಟ್ಟರೆ ಇನ್ನೊಂದು ಅಳತೆ. "ಐದನೆಯ ಒಂದು ಭಾಗ" ಎನ್ನುವುದು ಎಲ್ಲಿಯೂ ನಿಲ್ಲಲಿಲ್ಲ.

ಮೂರನೆಯದು, ಉರಿಯೇ ಇಲ್ಲದ ಪರೀಕ್ಷೆ. ಒಳಗೆ ಚೆನ್ನಾಗಿ ಒಣಗಿರುವ, ಕಿರಿದಾದ ಕತ್ತಿನ ಗಾಜಿನ ಬಾಟಲಿಯೊಂದನ್ನು ತೆಗೆದುಕೊಂಡು, ಅದರ ಬಾಯಿ ಮಾತ್ರ ನೀರಿನಲ್ಲಿ ಮುಳುಗುವಂತೆ ತಲೆಕೆಳಗಾಗಿ ಹಿಡಿಯಿರಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬಾಟಲಿಯ ಮೈಗೆ ಸುತ್ತಿರಿ. ಬಾಯಿಂದ ಗುಳ್ಳೆಗಳು ಒಂದೊಂದಾಗಿ ಹೊರಬೀಳುತ್ತವೆ. ಆ ಬಟ್ಟೆಯನ್ನು ತೆಗೆದು ತಣ್ಣೀರಿನ ಬಟ್ಟೆಯನ್ನು ಸುತ್ತಿರಿ. ನೀರು ಕತ್ತಿನೊಳಗೆ ಮೆಲ್ಲಗೆ ಏರುತ್ತದೆ. ಇಲ್ಲಿ ಯಾವುದೂ ಉರಿದಿಲ್ಲ. ಆಮ್ಲಜನಕ ಒಂದು ಕಣದಷ್ಟೂ ಖರ್ಚಾಗಿಲ್ಲ. ಬಿಸಿಯಾದದ್ದು, ತಣ್ಣಗಾದದ್ದು ಇಷ್ಟೇ. ಆದರೂ ನೀರು ಏರಿತು.

"ಅಜ್ಜಿ ಹೇಳಿದ ಲೋಟದ ಹಾಗೆಯೇ!" ಎಂದಳು ಮೊಮ್ಮಗಳು.

ಅಹುದು, ಹಾಗೆಯೇ. ಉರಿಯ ಮೇಲೆ ಲೋಟವನ್ನು ತರುವಾಗ ಅದರೊಳಗಿನ ಗಾಳಿ ಕಾದು ಹಿಗ್ಗುತ್ತದೆ. ಹಿಗ್ಗಿದ ಗಾಳಿಯಲ್ಲಿ ಒಂದಿಷ್ಟು ಲೋಟ ನೀರನ್ನು ಮುಟ್ಟುವ ಮೊದಲೇ ಹೊರಕ್ಕೆ ಹೋಗಿರುತ್ತದೆ; ಮತ್ತೊಂದಿಷ್ಟು ಗುಳ್ಳೆಗಳಾಗಿ ಹೋಗುತ್ತದೆ. ಉರಿ ಇರುವ ತನಕ ಒಳಗಿರುವ ಸ್ವಲ್ಪ ಗಾಳಿಯೇ ಬಿಸಿಯ ಬಲದಿಂದ ಲೋಟವನ್ನೆಲ್ಲ ತುಂಬಿಕೊಂಡಿರುತ್ತದೆ. ಉರಿ ಆರಿತೆಂದರೆ ಆ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಎಷ್ಟು ಕುಗ್ಗಬಹುದು? ಕೋಣೆಯ ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದ್ದು, ಲೋಟದೊಳಗಿನ ಗಾಳಿ ಸರಾಸರಿ 102 ಡಿಗ್ರಿಗೆ ಕಾದಿತ್ತು ಎಂದಿಟ್ಟುಕೊಳ್ಳಿ. ಅದು ಮತ್ತೆ ಕೋಣೆಯ ಬಿಸಿಗೆ ಇಳಿದಾಗ ಅದರ ಗಾತ್ರ ಸರಿಯಾಗಿ ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಉರಿಯುವ ಬತ್ತಿಯ ಮೇಲೆ ಇಂತಹ ಬಿಸಿ ಅಪರೂಪವೇನಲ್ಲ. ಆಮ್ಲಜನಕದ ಪಾಲು ಎಷ್ಟೋ, ಬಿಸಿಯಿಂದ ಕುಗ್ಗುವ ಪಾಲೂ ಕೆಲವೊಮ್ಮೆ ಅಷ್ಟೇ ಆಗಿಬಿಡುವುದರಿಂದಲೇ ಈ ತಪ್ಪು ಕಾರಣ ಇಷ್ಟು ದೀರ್ಘಾಯುವಾಗಿ ಬಾಳಿದೆ. ಇದರೊಡನೆ, ಮೇಣ ಉರಿದಾಗ ಹುಟ್ಟುವ ನೀರಾವಿ ಲೋಟದ ಗೋಡೆಯ ಮೇಲೆ ಬೆವರಿನಂತೆ ಹನಿಗಟ್ಟುತ್ತದೆ. ಆವಿ ನೀರಾದಾಗ ಅದು ಆಕ್ರಮಿಸಿದ್ದ ಜಾಗವೂ ತೆರವಾಗುತ್ತದೆ.

ನೀರನ್ನು ಎತ್ತಿದವರು ಯಾರು?

ಒಳಗಿನ ಗಾಳಿ ಕುಗ್ಗಿತು, ಸರಿ. ಆದರೆ ನೀರು ತಾನಾಗಿ ಮೇಲಕ್ಕೆ ಹತ್ತುವ ವಸ್ತುವಲ್ಲ. ಅದನ್ನು ಎತ್ತಿದವರು ಯಾರು? "ಒಳಗಿನ ಗಾಳಿ ಎಳೆದುಕೊಂಡಿತು" ಎಂದು ಹೇಳುವುದು ನಮಗೆಲ್ಲ ರೂಢಿ. ಗಾಳಿಗೆ ಎಳೆಯುವ ಕೈ ಇಲ್ಲ. ಅದಕ್ಕೆ ಇರುವುದು ತಳ್ಳುವ ಕೈ ಮಾತ್ರ. ತಟ್ಟೆಯ ನೀರಿನ ಮೇಲೆ ಹೊರಗಿನ ವಾಯುಮಂಡಲ ಯಾವಾಗಲೂ ಒತ್ತುತ್ತಿರುತ್ತದೆ. ಒಳಗಿನ ಗಾಳಿಯೂ ಅಷ್ಟೇ ಬಲವಾಗಿ ಕೆಳಕ್ಕೆ ಒತ್ತುತ್ತಿದ್ದಾಗ ನೀರು ಅಲುಗಾಡುವುದಿಲ್ಲ. ಒಳಗಿನ ಒತ್ತಡ ತುಸು ಇಳಿಯಿತೆಂದರೆ ಹೊರಗಿನದು ಗೆದ್ದು ನೀರನ್ನು ಒಳಕ್ಕೆ ನೂಕುತ್ತದೆ. ನೀರು ಏರಿದಂತೆ ಒಳಗಿನ ಗಾಳಿಗೆ ಜಾಗ ಕಿರಿದಾಗಿ ಅದರ ಒತ್ತಡ ಮತ್ತೆ ಹೆಚ್ಚುತ್ತದೆ. ಎರಡೂ ಸಮವಾದಲ್ಲಿ ನೀರು ನಿಲ್ಲುತ್ತದೆ.

ಇದನ್ನು ಜಗತ್ತಿಗೆ ಸ್ಪಷ್ಟವಾಗಿ ತಿಳಿಸಿದವರು ಇಟಲಿಯ ತೊರಿಚೆಲ್ಲಿ. ಒಂದು ಬದಿ ಮುಚ್ಚಿದ ಉದ್ದವಾದ ಗಾಜಿನ ಕೊಳವೆಯಲ್ಲಿ ಪಾದರಸವನ್ನು ತುಂಬಿ ಪಾದರಸದ ಬೋಗುಣಿಯಲ್ಲಿ ಬೋರಲು ನಿಲ್ಲಿಸಿದರೆ, ಅದು ಸುಮಾರು 76 ಸೆಂಟಿಮೀಟರ್ ಎತ್ತರಕ್ಕೆ ನಿಂತುಬಿಡುತ್ತದೆ. ನಾವೆಲ್ಲರೂ ಗಾಳಿಯ ಕಡಲಿನ ತಳದಲ್ಲಿ ಬಾಳುತ್ತಿದ್ದೇವೆ, ಆ ಕಡಲಿನ ಭಾರವೇ ಪಾದರಸವನ್ನು ಎತ್ತಿ ಹಿಡಿದಿದೆ ಎಂಬ ವಿವರಣೆಯನ್ನು ಅವರು 1644ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಕೊಟ್ಟರು. ಕಡಲಿನ ಭಾರವೇ ಕಾರಣವಾದರೆ, ಆ ಕಡಲಿನಲ್ಲಿ ಮೇಲಕ್ಕೆ ಹೋದಂತೆಲ್ಲ ಭಾರ ಕಡಿಮೆಯಾಗಬೇಕಲ್ಲವೆ? ಫ್ರಾನ್ಸಿನ ಪಾಸ್ಕಲ್ ಇದನ್ನು ಪರೀಕ್ಷಿಸಲು ಬಯಸಿದರು. ಅವರ ಕೋರಿಕೆಯಂತೆ 1648ರ ಸೆಪ್ಟೆಂಬರ್ 19ರಂದು ಅವರ ಭಾವ ಪೆರಿಯೆ ಅವರು ಪಾದರಸದ ಕೊಳವೆಯೊಂದನ್ನು ಪುಯಿ ದ ಡೋಮ್ ಎಂಬ ಬೆಟ್ಟದ ನೆತ್ತಿಗೆ ಹೊತ್ತೊಯ್ದರು. ಇನ್ನೊಂದು ಕೊಳವೆಯನ್ನು ಬೆಟ್ಟದ ಕೆಳಗಿನ ಕ್ಲೆರ್ಮೋಂ ಪಟ್ಟಣದಲ್ಲಿಯೇ ಕಾವಲಿಟ್ಟು ಬಂದಿದ್ದರು. ಪಟ್ಟಣದ ಕೊಳವೆಯಲ್ಲಿ ಏನೂ ಬದಲಾಗಲಿಲ್ಲ; ನೆತ್ತಿಯ ಮೇಲಿನದರಲ್ಲಿ ಪಾದರಸ ಸುಮಾರು ಎಂಟೂವರೆ ಸೆಂಟಿಮೀಟರ್ ಕೆಳಗೆ ನಿಂತಿತ್ತು.

ಮಂಗಳೂರಿನ ಕಡಲತೀರದಿಂದ ಬೆಂಗಳೂರಿಗೆ ಬರುವವರು ತಿಳಿಯದೆಯೇ ಇಂತಹದೊಂದು ಬೆಟ್ಟವನ್ನು ಹತ್ತಿರುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ 76 ಸೆಂಟಿಮೀಟರ್ ನಿಲ್ಲುವ ಪಾದರಸ ಇಲ್ಲಿ 68ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅನ್ನದ ಎಸರು ಇಲ್ಲಿ 100 ಡಿಗ್ರಿಗೆ ಬದಲಾಗಿ ಸುಮಾರು 97 ಡಿಗ್ರಿಗೇ ಕುದಿಯುವುದಕ್ಕೂ ಇದೇ ಕಾರಣ.

ಆದರೂ ಇದನ್ನು ಅಲ್ಪಭಾರವೆಂದು ತಿಳಿಯಬಾರದು. ಬೆಂಗಳೂರಿನ ಗಾಳಿಯೂ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಕಿಲೋಗ್ರಾಮಿನ ಹತ್ತರಲ್ಲಿ ಒಂಬತ್ತು ಪಾಲಿಗೂ ತುಸು ಹೆಚ್ಚಾದ ಭಾರವನ್ನು ಹೇರುತ್ತದೆ. ಬಾಯಿಯ ಅಗಲ 7 ಸೆಂಟಿಮೀಟರ್ ಇರುವ ಒಂದು ಸಾಮಾನ್ಯ ಲೋಟದ ಬಾಯಿಯಷ್ಟು ಜಾಗದ ಮೇಲೆ ಇದು ಸುಮಾರು 35 ಕಿಲೋಗ್ರಾಂ ಆಗುತ್ತದೆ. ಹತ್ತು ಹನ್ನೊಂದು ವರ್ಷದ ಮಗುವೊಂದು ಹತ್ತಿ ನಿಂತಂತೆ! ಒಳಗಿನಿಂದಲೂ ಅಷ್ಟೇ ಬಲದ ಒತ್ತಡ ಇರುವುದರಿಂದ ನಮಗೆ ಅದರ ಅರಿವಾಗುವುದಿಲ್ಲ. ಸಾರಿನ ಡಬ್ಬಿ ತಣ್ಣಗಾಗಿ ಒಳಗಿನ ಆವಿ ನೀರಾಗಿ, ಗಾಳಿ ಕುಗ್ಗಿದಾಗ ಈ ಭಾರದಲ್ಲಿ ಒಂದು ಪಾಲು ಮುಚ್ಚಳದ ಮೇಲೆ ಕುಳಿತುಕೊಳ್ಳುತ್ತದೆ. ಮುಚ್ಚಳವನ್ನು ಹಿಡಿದು ಸೆಣಸುವ ಗೃಹಿಣಿ ಸೆಣಸುತ್ತಿರುವುದು ಡಬ್ಬಿಯೊಡನೆಯಲ್ಲ, ವಾಯುಮಂಡಲದೊಡನೆ. ಡಬ್ಬಿಯನ್ನು ಕ್ಷಣಕಾಲ ಬಿಸಿನೀರಿನಲ್ಲಿ ಇಟ್ಟರೆ ಒಳಗಿನ ಗಾಳಿ ಮತ್ತೆ ಹಿಗ್ಗಿ ಅದು ಸುಲಭವಾಗಿ ಬಿಟ್ಟುಕೊಳ್ಳುತ್ತದೆ.

ಆಮ್ಲಜನಕದ ಲೆಕ್ಕ

ಹಾಗಾದರೆ ಉರಿ ಆಮ್ಲಜನಕವನ್ನು ತಿನ್ನುವುದೇ ಇಲ್ಲವೆ? ತಿನ್ನುತ್ತದೆ, ಅದು ಸುಳ್ಳಲ್ಲ. ನೀರಿನ ಮೇಲೆ ಬೋರಲು ಹಾಕಿದ ಪಾತ್ರೆಯಲ್ಲಿ ದೀಪ ಉರಿದಾಗ ನೀರು ಏರುವುದನ್ನು ಕ್ರಿಸ್ತಪೂರ್ವದಲ್ಲಿಯೇ ಬಿಜಾಂಟಿಯಮ್ಮಿನ ಫಿಲೋ ಎಂಬ ಗ್ರೀಕ್ ಯಂತ್ರಜ್ಞರು ಬರೆದಿಟ್ಟಿದ್ದಾರೆ. 1674ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಮೇಯೊ ಅವರು ಗಾಜಿನ ಪಾತ್ರೆಯ ಕೆಳಗೆ ದೀಪವನ್ನೂ ಇಲಿಯನ್ನೂ ಇಟ್ಟು, ಉರಿಗೂ ಉಸಿರಿಗೂ ಬೇಕಾದುದು ಗಾಳಿಯ ಒಂದು ಭಾಗ ಮಾತ್ರ ಎಂಬುದನ್ನು ತೋರಿಸಿದರು. ಆಮ್ಲಜನಕ ಎಂಬ ಹೆಸರು ಹುಟ್ಟುವುದಕ್ಕೆ ಇನ್ನೂ ನೂರು ವರ್ಷ ಇದ್ದ ಕಾಲದಲ್ಲಿ ಅದು ದೊಡ್ಡ ಮಾತು.

ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಗಾಳಿಯ ನೂರು ಪಾಲಿನಲ್ಲಿ 21 ಪಾಲು ಆಮ್ಲಜನಕ. ಮುಚ್ಚಿದ ಲೋಟದಲ್ಲಿ ಮೇಣದ ಬತ್ತಿ ಅದೆಲ್ಲವೂ ಮುಗಿಯುವ ತನಕ ಉರಿಯುವುದಿಲ್ಲ. ಸುಮಾರು 16 ಪಾಲಿಗೆ ಇಳಿಯುತ್ತಲೇ ಉಸಿರು ಕಟ್ಟಿ ಆರಿಹೋಗುತ್ತದೆ. ನಾವು ಹೊರಗೆ ಬಿಡುವ ಉಸಿರಿನಲ್ಲಿಯೂ ಹೆಚ್ಚು ಕಡಿಮೆ ಇಷ್ಟೇ ಆಮ್ಲಜನಕ ಉಳಿದಿರುತ್ತದೆ. ಆದುದರಿಂದ ಖರ್ಚಾದುದು 21 ಅಲ್ಲ, 5. ಆ ಐದೂ ಮಾಯವಾಗುವುದಿಲ್ಲ. ಮೇಣ ಉರಿಯುವಾಗ ಮೂರು ಪಾಲು ಆಮ್ಲಜನಕಕ್ಕೆ ಪ್ರತಿಯಾಗಿ ಸುಮಾರು ಎರಡು ಪಾಲು ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ಅದು ನೀರಿನಲ್ಲಿ ಕರಗುವ ಅನಿಲವೇ. ಆದರೆ ಕರಗುವುದು ನಿಧಾನ. ನೀರು ಏರುವ ಆ ಕೆಲವು ಕ್ಷಣಗಳಲ್ಲಿ ಅದು ಕರಗಿ ಮುಗಿಯುವುದು ಸಾಧ್ಯವಿಲ್ಲ. ಕೂಡಿಸಿ ಕಳೆದರೆ, ಉರಿಯ ಊಟದಿಂದ ತೆರವಾಗುವ ಜಾಗ ನೂರಕ್ಕೆ ಎರಡು ಪಾಲಿನಷ್ಟೂ ಇಲ್ಲ. ಉಳಿದುದೆಲ್ಲ ಬಿಸಿ ಮತ್ತು ತಂಪಿನ ಕೆಲಸ.

ನಿಜವಾದ ಐದನೆಯ ಒಂದು ಪಾಲು

ಇಷ್ಟಾದ ಮೇಲೆ ಮೊಮ್ಮಗಳಿಗೆ ಒಂದು ಸಂಶಯ ಬಂದಿತು: "ಹಾಗಾದರೆ ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ ಇದೆ ಅನ್ನುವುದಾದರೂ ನಿಜವೇ, ತಾತ?" ನ್ಯಾಯವಾದ ಸಂಶಯ. ಒಂದು ಕಡೆ ತಪ್ಪಿದ ಪುಸ್ತಕವನ್ನು ಇನ್ನೊಂದು ಕಡೆ ಸುಮ್ಮನೆ ನಂಬುವುದು ಹೇಗೆ? ಅದನ್ನೂ ಮನೆಯಲ್ಲಿಯೇ ನೋಡಬಹುದು. ಆದರೆ ಬೆಂಕಿ ಬೇಡ, ತಾಳ್ಮೆ ಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೀಲ್ ವುಲ್ ಎಂದು ಕೇಳಿದರೆ ಕೂದಲಿನಂತೆ ನಯವಾದ ಕಬ್ಬಿಣದ ಎಳೆಗಳ ಉಂಡೆ ಸಿಗುತ್ತದೆ. ಪಾತ್ರೆ ಉಜ್ಜುವ ಹೊಳೆಯುವ ನಾರು ಆಗದು. ಅದು ತುಕ್ಕು ಹಿಡಿಯುವುದಿಲ್ಲ. ಎಳೆಗಳನ್ನು ಒಂದಿಷ್ಟು ಹೊತ್ತು ವಿನೆಗರಿನಲ್ಲಿ ನೆನೆಸಿ, ಕೊಡವಿ, ಲೋಟದ ತಳಕ್ಕೆ ಬೀಳದಂತೆ ತುರುಕಿರಿ. ಆ ಲೋಟವನ್ನು ನಾಣ್ಯಗಳ ಮೇಲೆ ನೀರಿನ ತಟ್ಟೆಯಲ್ಲಿ ಬೋರಲು ಹಾಕಿ, ನೆರಳಿನಲ್ಲಿ ಒಂದು ಎರಡು ದಿನ ಬಿಟ್ಟುಬಿಡಿರಿ. ತಟ್ಟೆಯ ನೀರು ಒಣಗದಂತೆ ನೋಡಿಕೊಂಡರೆ ಸಾಕು. ಕಬ್ಬಿಣ ತುಕ್ಕು ಹಿಡಿಯುತ್ತ ಆಮ್ಲಜನಕವನ್ನು ಮೆಲ್ಲಮೆಲ್ಲಗೆ ತನ್ನೊಳಗೆ ಕಟ್ಟಿಕೊಳ್ಳುತ್ತದೆ. ಅದಕ್ಕೆ ಪ್ರತಿಯಾಗಿ ಬೇರೆ ಅನಿಲ ಹುಟ್ಟುವುದಿಲ್ಲ. ಹೇಳಿಕೊಳ್ಳುವಂತಹ ಬಿಸಿಯೂ ಇಲ್ಲ. ನೀರು ಯಾರ ಕಣ್ಣಿಗೂ ಬೀಳದ ಹಾಗೆ ಏರುತ್ತ ಲೋಟದ ಐದನೆಯ ಒಂದು ಭಾಗದ ಹತ್ತಿರ ಬಂದು ನಿಲ್ಲುತ್ತದೆ. ಎಳೆಗಳು ಸಾಕಷ್ಟು ಇದ್ದ ಮೇಲೆ ಅವನ್ನು ಇಮ್ಮಡಿ ಮಾಡಿದರೂ, ಇನ್ನೂ ನಾಲ್ಕು ದಿನ ಕಾದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ. ಬತ್ತಿಗಳನ್ನು ಹೆಚ್ಚಿಸಿದಂತೆ ಹೆಚ್ಚು ಏರಿದ ನೀರಿಗೂ, ಕಬ್ಬಿಣವನ್ನು ಹೆಚ್ಚಿಸಿದರೂ ಒಂದೇ ಕಡೆ ನಿಲ್ಲುವ ಈ ನೀರಿಗೂ ಇರುವ ವ್ಯತ್ಯಾಸವನ್ನು ಮಕ್ಕಳೇ ಕಂಡುಕೊಳ್ಳಲಿ. ಅದೇ ಈ ವಾರದ ಪಾಠದ ತಿರುಳು.

ಸೋಮವಾರದ ಪರೀಕ್ಷೆ

ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬಂದಿತು. "ನಾಳೆ ಏನು ಬರೆಯಲಿ ತಾತ? ಪುಸ್ತಕದಲ್ಲಿ ಇರುವುದನ್ನೋ, ನಾವು ನೋಡಿದ್ದನ್ನೋ?"

ನಾನು ಮೇಷ್ಟರಾಗಿದ್ದವನು, ಉತ್ತರಪತ್ರಿಕೆ ತಿದ್ದುವ ಕೈ ಹೇಗೆ ಓಡುತ್ತದೆಂದು ಬಲ್ಲೆ. ಪುಸ್ತಕದ ವಾಕ್ಯವಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ಎರಡು ಅಂಕಗಳ ಆಸೆಗೆ ಮಗುವಿನ ಕೈಯಿಂದ ಸುಳ್ಳನ್ನು ಬರೆಸುವುದೆ? ಹೋಗಲಿ, ನಿಜವನ್ನು ಬರೆಸಿ ಅವಳಿಗೆ ಸೊನ್ನೆ ಬಂದರೆ ನಿಜದ ಮೇಲೆಯೇ ಅವಳಿಗೆ ಬೇಸರ ಹುಟ್ಟದೆ? ನಾನು ಹೀಗೆ ತೂಗುತ್ತಿರುವಾಗ ಹೆಂಡತಿ ಹಾಸಿಗೆ ಕೊಡವುತ್ತ, "ಎರಡು ಮಾರ್ಕ್ಸು ಹೋದರೆ ಹೋಯಿತು. ಕಣ್ಣಲ್ಲಿ ಕಂಡದ್ದನ್ನು ಕಂಡಿಲ್ಲ ಅಂತ ಬರೆಯುವುದನ್ನು ಈಗಲೇ ಕಲಿಸಬೇಡಿ" ಎಂದಳು. ಅಲ್ಲಿಗೆ ತೀರ್ಮಾನವಾಯಿತು. ಪುಸ್ತಕ ಹೀಗೆ ಹೇಳುತ್ತದೆ ಎಂದು ಮೊದಲು ಬರೆ, ನಾನು ಮಾಡಿ ನೋಡಿದಾಗ ಹೀಗೆ ಕಂಡಿತು ಎಂದು ಆಮೇಲೆ ಬರೆ ಎಂದು ನಾನು ಹೇಳಿದೆ.

ಉತ್ತರಪತ್ರಿಕೆ ಗುರುವಾರ ಕೈಗೆ ಬಂದಿತು. ಆ ಉತ್ತರದ ಪಕ್ಕದಲ್ಲಿ ಅಂಕ ಇರಲಿಲ್ಲ. ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಮೊಮ್ಮಗಳ ಕಣ್ಣು ತುಂಬಿತ್ತು. ಮರುದಿನ ಅವಳು ಲೋಟವನ್ನೂ ಬತ್ತಿಗಳ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಂಡಳು. ವಾದ ಮಾಡಬಾರದು, ಕೇಳಬೇಕು ಎಂದಷ್ಟೇ ನಾನು ಹೇಳಿಕೊಟ್ಟಿದ್ದೆ. ಅವಳು ಹಾಗೆಯೇ, "ಟೀಚರ್, ಒಂದರ ಬದಲು ಮೂರು ಬತ್ತಿ ಇಟ್ಟರೆ ನೀರು ಎಷ್ಟು ಏರುತ್ತದೆ?" ಎಂದು ಕೇಳಿದಳಂತೆ. "ಅಷ್ಟೇ ಏರುತ್ತದೆ" ಎಂದರಂತೆ ಅವರು; ಅನಂತರ ಒಂದು ಕ್ಷಣ ಸುಮ್ಮನಿದ್ದು, "ತಾ, ನೋಡೋಣ" ಎಂದರಂತೆ. ಇಡೀ ತರಗತಿ ಮೇಜಿನ ಸುತ್ತ ನಿಂತು ನೋಡಿತು. ನೀರು ಮೂರು ಬೆರಳನ್ನು ದಾಟಿದಾಗ ಆ ತಾಯಿ, "ನನಗೂ ಚಿಕ್ಕಂದಿನಲ್ಲಿ ನಮ್ಮ ಮೇಷ್ಟರು ತಪ್ಪಾಗಿಯೇ ಹೇಳಿಕೊಟ್ಟಿದ್ದರು" ಎಂದು ನಕ್ಕರಂತೆ. "ತಾ, ನೋಡೋಣ" ಎಂಬ ಮಾತನ್ನು ಮಕ್ಕಳ ಮುಂದೆ ಹೇಳುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕೆಂಬುದು, ಅದನ್ನು ಮೂವತ್ತು ವರ್ಷ ಹೇಳದೆ ಕಳೆದ ನನಗೆ ಗೊತ್ತು. ಅಂಕವನ್ನು ತಿದ್ದಿದರೋ ಇಲ್ಲವೋ ಎಂದು ಕೇಳಲು ನಾನು ಮರೆತೆ. ಹೇಳಲು ಅವಳೂ ಮರೆತಳು.

ಆದರೆ "ನಮ್ಮ ಮೇಷ್ಟರು" ಎಂಬ ಆ ಮಾತು ನನ್ನನ್ನು ಬಿಡಲಿಲ್ಲ. ವರ್ಷಕ್ಕೆ ನಲವತ್ತು ಮಕ್ಕಳೆಂದು ಇಟ್ಟುಕೊಂಡರೂ ಮೂವತ್ತು ವರ್ಷಕ್ಕೆ ಸಾವಿರದ ಇನ್ನೂರು ಮಂದಿಗೆ ನಾನು ಆ ತಪ್ಪನ್ನು ಹಂಚಿದ್ದೇನೆ. ಅವರಲ್ಲಿ ಎಷ್ಟೋ ಮಂದಿ ಇಂದು ಗೃಹಸ್ಥರು, ಕೆಲವರು ಉಪಾಧ್ಯಾಯರೂ ಆಗಿದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ ತಿದ್ದುವುದಕ್ಕೆ ಈ ವಯಸ್ಸಿನಲ್ಲಿ ಸಾಧ್ಯವಿಲ್ಲ. ಈ ಪುಟ ಅವರಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ, ಹಳೆಯ ಮೇಷ್ಟರ ಕೋರಿಕೆ ಇಷ್ಟೇ: ಇಂದು ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, ಮೊದಲು ಒಂದು ಬತ್ತಿಯನ್ನು, ಬಳಿಕ ಮೂರನ್ನು ಹೊತ್ತಿಸಿ ನೋಡಿರಿ. ಕಾರಣವನ್ನು ಮಾತ್ರ ನೀವು ಮೊದಲೇ ಹೇಳಬೇಡಿರಿ.